ಗಾಬರಿ ಎಂದು ಬರೆದವಳು ನಾನೇ

ವಡೋದರಾಕ್ಕೆ ಬಂದ ಆರೇ ತಿಂಗಳಲ್ಲಿ ನನಗೆ ಗುಜರಾತಿ ಬರುತ್ತದೆ ಎಂಬ ಜಂಬ ಹತ್ತಿತ್ತು. ಬರದೆ ಏನು! ಅರ್ಧ ಮಾತು ನಮ್ಮದರ ಹಾಗೆಯೇ ಕೇಳಿಸುತ್ತಿತ್ತು. ಅವರ ‘ಸಾರು’ ಅನ್ನಕ್ಕೆ ಕಲಸುವುದಲ್ಲ, ‘ಆಯ್ತು, ಒಳ್ಳೆಯದು’ ಎಂದರ್ಥ. ಅವರ ‘ಬಾ’ ಎಂದರೆ ತಾಯಿ. ಅಲ್ಕಾಪುರಿ ಬಡಾವಣೆಯಲ್ಲಿ ತರಕಾರಿ ಗಾಡಿಯವಳು ಯಾವುದೋ ಮುದುಕಿಯನ್ನು ‘ಬಾ, ಬಾ’ ಎಂದು ಮಾತಾಡಿಸಿದಾಗ ನನ್ನನ್ನೇ ಕರೆದಳೆಂದು ಹೋಗಿ ನಿಂತು ನಗೆಪಾಟಲಾಗಿದ್ದೆ. ಇಂಥವನ್ನು ಹೆಕ್ಕಿ ತಂದು ಗಂಡನಿಗೆ ಹೇಳಿ ನಗಿಸುತ್ತಿದ್ದೆ. ಅವರು ರೈಲ್ವೆಯವರು, ವರ್ಗವಾಗಿ ಬಂದವರು. ಧಾರವಾಡದಲ್ಲಿ ನರ್ಸ್ ಆಗಿದ್ದ ನಾನು ಇಲ್ಲಿಯೂ ಒಂದು ಆಸ್ಪತ್ರೆಗೆ ಸೇರಿಕೊಂಡಿದ್ದೆ.

ನಮ್ಮ ಮೂರನೇ ಮಹಡಿಯಲ್ಲಿ ಪರದೆಯ ಕೋಣೆ ಎಂದೊಂದಿದೆ. ವಾರಕ್ಕೆರಡು ದಿನ ಹೃದಯದ ಡಾಕ್ಟರು ಅಲ್ಲಿ ಕೂತು, ದೂರದ ಗುಡ್ಡದ ಹಳ್ಳಿಗಳ ರೋಗಿಗಳನ್ನು ವೀಡಿಯೊದಲ್ಲಿ ನೋಡುತ್ತಾರೆ. ಆ ಕಡೆ ಹಳ್ಳಿಯ ನರ್ಸ್ ಒಬ್ಬೊಬ್ಬರನ್ನೇ ಕ್ಯಾಮೆರಾದ ಮುಂದೆ ಕೂರಿಸುತ್ತಾಳೆ. ನಮ್ಮ ಡಾಕ್ಟರು ಮೈಸೂರಿನವರು, ಹೊಸದಾಗಿ ಬಂದವರು. ಗುಜರಾತಿ ಒಂದಕ್ಷರ ಬಾರದು, ಹಿಂದಿಯೋ ಆಟೋದವನಿಗೂ ಅರ್ಥವಾಗದು. ಮಾತು ತಿಳಿಸಿ ಹೇಳುತ್ತಿದ್ದ ಗುಜರಾತಿ ಸಿಸ್ಟರ್ ಬಾಣಂತನದ ರಜೆಗೆ ಹೋದಳು. ಬೇರೆಯವರನ್ನು ಹುಡುಕುತ್ತಿದ್ದರು. ನನ್ನನ್ನು ಯಾರೂ ಕೇಳಿರಲಿಲ್ಲ. ನಾನೇ ಮುಂದೆ ಬಿದ್ದು, “ನಾ ಮಾಡ್ತೀನ್ರಿ ಡಾಕ್ಟ್ರ, ನನಗ ಗುಜರಾತಿ ಬರ್ತದ” ಅಂದೆ.

ಜನವರಿಯ ಕೊನೆಯ ಒಂದು ಬೆಳಿಗ್ಗೆ, ಹನ್ನೊಂದೂವರೆಯ ಸುಮಾರಿಗೆ, ಪರದೆಯ ಮೇಲೆ ಒಬ್ಬ ಅಜ್ಜಿ ಬಂದು ಕೂತಳು. ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಹಣೆಯ ಮೇಲೆ ಬೆವರು. ಹೆಡ್‌ಫೋನು ನನ್ನ ಕಿವಿಯಲ್ಲಿತ್ತು. ಡಾಕ್ಟರು ಹಿಂದಿನ ರೋಗಿಯ ಕಾಗದ ಮುಗಿಸುತ್ತಿದ್ದರು.

“ಗಭರಾಮಣ್ ಥಾಯ್ ಛೇ,” ಅಂದಳು ಅಜ್ಜಿ.

“ಸಿಸ್ಟರ್, ಏನಂತೆ ಇವರಿಗೆ?”

“ಗಾಬರಿ ಆಗ್ತದಂತ್ರಿ.”

ಡಾಕ್ಟರು ತಲೆಯೆತ್ತಿ ನೋಡಿ ನಕ್ಕರು. “ಕ್ಯಾಮೆರಾ ಕಂಡು ಹೆದರಿರ್ತಾರೆ, ಪಾಪ. ಧೈರ್ಯ ಹೇಳಿ, ನೀರು ಕುಡಿಸಿ ಸ್ವಲ್ಪ ಹೊತ್ತು ಕೂರಿಸೋಕೆ ಹೇಳಿ. ಮುಂದಿನವರು ಬರಲಿ.”

ನಾನು ನನ್ನ ಚಂದದ ಗುಜರಾತಿಯಲ್ಲಿ, ಹೆದರಬೇಡಿ ಬಾ, ಏನೂ ಆಗುವುದಿಲ್ಲ ಅಂದೆ. ಅಜ್ಜಿ ನನ್ನನ್ನೇ ಪಿಳಿಪಿಳಿ ನೋಡಿದಳು. ಆಮೇಲೆ ಎದ್ದು ಹೋದಳು. ಡಾಕ್ಟರಿಗೆ ಅನುಕೂಲವೆಂದು ಕನ್ನಡದಲ್ಲೇ ಬರೆದಿಡುತ್ತಿದ್ದ ನನ್ನ ನೋಟ್‌ಬುಕ್ಕಿನಲ್ಲಿ ‘ಗಾಬರಿ, ಧೈರ್ಯ ಹೇಳಿದೆ’ ಎಂದು ಬರೆದೆ.

ಒಂದು ಗಂಟೆಗೆ ಊಟಕ್ಕೆಂದು ಹೊರಗೆ ಬಂದೆ. ಲಿಫ್ಟ್ ಕೆಟ್ಟಿತ್ತು. ನೆಲ ಒರೆಸುವ ಬೆಹನ್ ಬಕೆಟ್ ಹೊತ್ತು ಮೂರು ಮಹಡಿ ಹತ್ತಿ ಬಂದು ಮೆಟ್ಟಿಲ ಮೇಲೆ ಕುಸಿದು ಕೂತಿದ್ದಳು. ಎದೆಯ ಮೇಲೆ ಅಂಗೈ. “ಗಭರಾಮಣ್ ಥಾಯ್ ಛೇ,” ಅಂದಳು.

ಹೆದರಿಕೆ ಯಾತರದು ಎಂದು ನಾನು ಚೇಷ್ಟೆಗೆ, “ಡರ್ ಕಾಹೇಕಾ?” ಅಂದೆ.

“ಡರ್ ನಹೀಂ, ಬೆಹನ್! ಉಸಿರು ಒಳಗ ಹೋಗವಲ್ದು, ಎದಿ ಹಿಂಡತದ” ಎಂಬರ್ಥದಲ್ಲಿ ಹಿಂದಿ ಗುಜರಾತಿ ಬೆರೆಸಿ ಹೇಳಿ, ಅಂಗೈಯಿಂದ ಎದೆ ಒತ್ತಿ ತೋರಿಸಿದಳು. ಎರಡು ನಿಮಿಷಕ್ಕೆ ಸುಧಾರಿಸಿಕೊಂಡು ಬಕೆಟ್ ಎತ್ತಿ ಹೋದಳು.

ಅಯ್ಯೋ ದೇವರೇ. ಸೆರಗು ಬಾಯಿಗೆ ಒತ್ತಿಕೊಂಡ ಅಜ್ಜಿ, ಆ ಬೆವರು. ಜನವರಿಯಲ್ಲಿ ಯಾರಿಗೆ ಹಾಗೆ ಬೆವರುತ್ತದೆ? ಇಷ್ಟು ವರ್ಷ ನರ್ಸ್ ಆಗಿದ್ದವಳು, ಕಣ್ಣಿಗೆ ಕಂಡದ್ದನ್ನು ಬಿಟ್ಟು ಕಿವಿಗೆ ಬಿದ್ದದ್ದನ್ನು ನಂಬಿದ್ದೆ.

ಕ್ಯಾಂಟೀನಿಗೆ ಓಡಿದೆ. ಡಾಕ್ಟರು ಊಟಕ್ಕೆ ಕೂತಿದ್ದರು. “ಡಾಕ್ಟ್ರ, ಆ ಅಜ್ಜಿ ಗಾಬರಿ ಅಂದಿಲ್ರಿ. ನಾ ತಪ್ಪು ಹೇಳಿದೆ. ಎದಿ ಹಿಂಡತದ ಅಂದಿದ್ಳು.”

ಬೈಯುತ್ತಾರೆಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ತುತ್ತನ್ನು ತಟ್ಟೆಗೆ ಹಾಕಿ, “ಎಷ್ಟು ಹೊತ್ತಾಯ್ತು?” ಎಂದಷ್ಟೇ ಕೇಳಿದರು.

“ಒಂದೂವರೆ ತಾಸು.”

ಪರದೆ ಕಪ್ಪಗಿತ್ತು, ಆ ಕಡೆಯೂ ಊಟದ ಹೊತ್ತು. ಹಳ್ಳಿಯ ನರ್ಸಿನ ಫೋನು ನಾಟ್ ರೀಚಬಲ್. ನಾನು ಒತ್ತುತ್ತಲೇ ಇದ್ದೆ. ಐದು ಸಲವೋ ಹತ್ತು ಸಲವೋ, ಒಮ್ಮೆ ಬೇರೆ ಯಾರಿಗೋ ಹೋಯಿತು. ಕೊನೆಗೆ ಸಿಕ್ಕಳು. ಅಜ್ಜಿ ಎಲ್ಲಿ ಅಂದರೆ, ನೀವೇ ಏನಿಲ್ಲ ಅಂದಿರಲ್ಲ, ಮಗ ಬೈಕಿನಲ್ಲಿ ಮನೆಗೆ ಕರೆದುಕೊಂಡು ಹೋದ ಅಂದಳು. ಈಗಲೇ ವಾಪಸ್ ಕರೆತಾ ಎಂದು ನಾನು ಕಿರುಚಿದೆ. ಅವಳು ಏನೂ ಕೇಳದೆ ಕ್ಯಾಮೆರಾ ಹಾಕಿಟ್ಟು ಸ್ಕೂಟಿ ಹತ್ತಿದಳು. ಆ ಹೆಣ್ಣುಮಗಳಿಗೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ.

ಅವರು ಬರುವವರೆಗಿನ ನಲವತ್ತು ನಿಮಿಷ ಪರದೆಯಲ್ಲಿ ಒಂದು ಖಾಲಿ ಕುರ್ಚಿ ಇತ್ತು. ನಾನು ಅದನ್ನೇ ನೋಡುತ್ತಾ ಕೂತೆ. ಈ ಕುರ್ಚಿಯಲ್ಲಿ ಆಕೆ ಬಂದು ಕೂರದಿದ್ದರೆ ನಾನೇನು ಮಾಡಲಿ ಎಂದು ಒಂದೇ ಸಮನೆ ಅನಿಸುತ್ತಿತ್ತು.

ಮಗ ಅವಳನ್ನು ಎತ್ತಿಕೊಂಡೇ ಬಂದ. ನರ್ಸ್ ಇಸಿಜಿ ತೆಗೆದು ಕಾಗದವನ್ನು ಕ್ಯಾಮೆರಾಕ್ಕೆ ಹಿಡಿದಳು. ಡಾಕ್ಟರು ಒಂದು ಕ್ಷಣ ನೋಡಿ, “ಹಾರ್ಟ್ ಅಟ್ಯಾಕ್. ಆಂಬುಲೆನ್ಸ್ ಕರೆಸಿ. ಈ ಮಾತ್ರೆ ಈಗಲೇ ಅಗಿದು ನುಂಗ್ಬೇಕು” ಅಂದರು. ಮಾತ್ರೆಯ ಹೆಸರು ಹೇಳಿದೆ, ನರ್ಸ್ ತೆಗೆದು ಅಜ್ಜಿಗೆ ಕೊಟ್ಟಳು. ‘ಅಗಿದು’ ಎನ್ನುವಲ್ಲಿಗೆ ಬಂದಾಗ ನನ್ನ ಬಾಯಿ ಕಟ್ಟಿತು. ಗುಜರಾತಿ ಮಾತು ನಾಲಿಗೆಯ ತುದಿಯಲ್ಲಿತ್ತು, ಆದರೆ ಅದೂ ಸುಳ್ಳಾದರೆ? ಏನೂ ಇಲ್ಲದ ಬಾಯಲ್ಲಿ ಕರಕರ ಅಗಿದು ತೋರಿಸಿದೆ. ಅಜ್ಜಿ ಪರದೆ ನೋಡುತ್ತಾ, ನನ್ನ ಹಾಗೆಯೇ ಅಗಿದಳು.

ಬದುಕಿದಳು. ವಡೋದರಾಕ್ಕೇ ತಂದರು. ಮೂರನೇ ದಿನ ಹೋಗಿ ಮಂಚದ ಪಕ್ಕ ನಿಂತೆ. ‘ಟಿವಿಯವಳು’ ಎಂದು ಮಗನಿಗೆ ತೋರಿಸಿದಳು. ನನ್ನದೇ ತಪ್ಪು ಬಾ ಅಂದೆ, ಅಳು ಬಂತು. ಅವಳಿಗೆ ಅದೆಲ್ಲ ಬೇಕಿರಲಿಲ್ಲ. ಅವಳನ್ನು ಕಾಡುತ್ತಿದ್ದದ್ದು ಬೇರೆಯೇ. ಈ ಹುಡುಗಿ ಯಾಕೆ ನನಗೆ ಹೆದರಬೇಡ ಅಂದಳು ಎಂದು ದಾರಿಯುದ್ದಕ್ಕೂ ಯೋಚಿಸಿದಳಂತೆ.

“ಮನೆ ಬೀಕ್ ನಹೋತಿ, ಬೇಟಾ,” ಅಂದಳು. ನನಗೆ ಹೆದರಿಕೆ ಇರಲಿಲ್ಲ, ಮಗಳೇ. ಆ ಭಾಷೆಯಲ್ಲಿ ಹೆದರಿಕೆಗೆ ಬೀಕ್ ಎನ್ನುತ್ತಾರೆ ಎಂದು ಅವತ್ತು ಗೊತ್ತಾಯಿತು.

ಎಲ್ಲರೂ ಬಿಡು, ಹೋಯಿತಲ್ಲ ಅಂದರು. ಡಾಕ್ಟರು ಗುಜರಾತಿ ಬಲ್ಲ ಬೇರೆ ಸಿಸ್ಟರನ್ನು ಕರೆಸಿಕೊಂಡರು, ಒಳ್ಳೆಯದೇ ಮಾಡಿದರು. ನನಗೆ ಮಾತ್ರ ಆ ನೋಟ್‌ಬುಕ್ ತೆಗೆಯುವ ಧೈರ್ಯ ನಾಲ್ಕು ದಿನ ಬರಲಿಲ್ಲ. ತೆಗೆದಾಗ ‘ಗಾಬರಿ, ಧೈರ್ಯ ಹೇಳಿದೆ’ ಎಂಬುದು ಇನ್ನೂ ಮೂರು ಕಡೆ ಸಿಕ್ಕಿತು. ಮೂರೂ ನನ್ನದೇ ದುಂಡು ಅಕ್ಷರ. ಡಾಕ್ಟರಿಗೆ ತೋರಿಸಿದೆ. ಇಬ್ಬರು ಹೆಂಗಸರನ್ನು ಮರುದಿನವೇ ಕರೆಸಿ ಇಸಿಜಿ ಮಾಡಿಸಿದರು, ಏನೂ ಇರಲಿಲ್ಲ. ಮೂರನೆಯವನು ಐವತ್ತೆರಡು ವರ್ಷದ ಗಂಡಸು. ಅವನ ಫೋನು ಬಂದ್. ಹಳ್ಳಿಯ ನರ್ಸ್ ಮನೆಗೇ ಹೋಗಿ ನೋಡಿದಳು, ಬೀಗ. ಉತ್ತರಾಯಣ, ಅಂದರೆ ನಮ್ಮ ಸಂಕ್ರಾಂತಿ, ಕಳೆದ ಮೇಲೆ ಇಡೀ ಮನೆಯವರು ಸೂರತ್ ಕಡೆ ಕಟ್ಟಡದ ಕೂಲಿಗೆ ಹೋಗಿದ್ದಾರೆ, ಹೋಳಿ ಹಬ್ಬಕ್ಕೆ ಬರುತ್ತಾರೆ ಅಂದಳು. ಸೂರತ್‌ನಲ್ಲಿ ಎಲ್ಲಿ ಎಂದು ಅಕ್ಕಪಕ್ಕದವರಿಗೆ ಗೊತ್ತಿಲ್ಲ.

ಮೊನ್ನೆ ಭಾನುವಾರ ಗಂಡನನ್ನು ಎಬ್ಬಿಸಿಕೊಂಡು ಸೂರತ್‌ಗೆ ಹೋಗಿ ಬಂದೆ. ಏಳುತ್ತಿರುವ ಕಟ್ಟಡಗಳ ಮುಂದೆ ಆಟೋ ನಿಲ್ಲಿಸಿ ಆ ಹಳ್ಳಿಯ ಹೆಸರು ಹೇಳಿ ಕೇಳಿದೆ. ತಲೆಯ ಮೇಲೆ ಇಟ್ಟಿಗೆ ಹೊತ್ತು ಮೆಟ್ಟಿಲು ಹತ್ತುವವರೆಲ್ಲ ಅವನ ಹಾಗೆಯೇ ಕಂಡರು. “ಹಿಂಗ ಹುಡುಕಿದ್ರ ಸಿಗ್ತಾರೇನ? ನಡಿ ಮನೀಗೆ,” ಅಂದರು ಗಂಡ. ಬಂದೆವು.

ಹೋಳಿ ಹಬ್ಬಕ್ಕೆ ಇನ್ನೂ ಹದಿನೆಂಟು ದಿನವಿದೆ. ಎದೆ ಹಿಂಡುತ್ತಿದೆ ಎಂದು ಹೇಳಲು ಬಂದವನು, ಹೆದರಬೇಡ ಎಂಬ ನನ್ನ ಮಾತು ನಂಬಿ, ಎಲ್ಲೋ ಇಟ್ಟಿಗೆ ಹೊರುತ್ತಿದ್ದಾನೆ.