ಲಿಲ್ಲಿ ಸಿಸ್ಟರ್ ಕೊಟ್ಟ ಏಳು ದಿನದ ಮಾತ್ರೆ

ಲಿಲ್ಲಿ ಸಿಸ್ಟರ್ ರೋಗಿಯ ನಾಲಗೆಗಿಂತ ಮೊದಲು ಉಗುರು ನೋಡುತ್ತಿದ್ದರು. ಅಬುಧಾಬಿ ಬಳಿಯ ಮುಸಫ್ಫಾದ ನಮ್ಮ ಲೇಬರ್ ಕ್ಯಾಂಪಿನಲ್ಲಿ ಕಬ್ಬಿಣ ಬೆಸೆಯುವ ಗಟ್ಟಿ ಆಳುಗಳು ಅವರೆದುರು ಶಾಲೆಯ ಮಕ್ಕಳಂತೆ ಕೈ ಚಾಚಿ ನಿಲ್ಲಬೇಕಿತ್ತು. "ಈ ಉಗುರಿನೊಳಗೆ ಕ್ರಿಮಿಗಳದ್ದು ಒಂದು ಊರೇ ಉಂಟು ಮಾರಾಯಾ, ಎಲ್ಲ ವೀಸಾ ಇಲ್ಲದ ಜನ" ಎನ್ನುತ್ತ ನೇಲ್ ಕಟರ್ ಕೊಡುತ್ತಿದ್ದರು.

ತೊಂಬತ್ತರ ದಶಕದ ಕೊನೆಯ ಮಾತು. ಸಿಸ್ಟರ್ ಉಡುಪಿಯ ಶಿರ್ವ ಕಡೆಯ ಕೊಂಕಣಿ ಹೆಂಗಸು. ಕುಳ್ಳಗಿನ ಮೈಕಟ್ಟು, ದಪ್ಪ ಕನ್ನಡಕ. ಕಂಪನಿಯ ಕ್ಲಿನಿಕ್ಕಿನಿಂದ ವಾರಕ್ಕೆರಡು ಸಲ ವ್ಯಾನಿನಲ್ಲಿ ಬರುತ್ತಿದ್ದರು. ನಾನು ಕ್ಯಾಂಪಿನ ಮೇಲ್ವಿಚಾರಕ. ಎಸ್ಸೆಸ್ಸೆಲ್ಸಿ ಓದಿದವನೆಂದು ಔಷಧಿ ಕಪಾಟಿನ ಬೀಗದಕೈ ನನ್ನಲ್ಲಿತ್ತು. ಡಾಕ್ಟರು ಬರೆದ ಮಾತ್ರೆಯನ್ನು ದಿನಾ ಕೊಟ್ಟು ಹಾಳೆಯಲ್ಲಿ ಗುರುತು ಹಾಕುವುದು ನನ್ನ ಕೆಲಸ.

ನೆಗಡಿಗೆ ಆಂಟಿಬಯೋಟಿಕ್ ಕೇಳಿದವರನ್ನು ಸಿಸ್ಟರ್ ಬೈದು ಕಳಿಸುತ್ತಿದ್ದರು. "ನೆಗಡಿಯದ್ದು ವೈರಸ್. ಅದಕ್ಕೆ ಈ ಮಾತ್ರೆ ತಾಗುವುದೇ ಇಲ್ಲ. ಬಿಸಿನೀರು ಕುಡಿ, ಮಲಗು." ಬ್ಯಾಕ್ಟೀರಿಯಾದ ಪಾಠವನ್ನು ನನಗೆ ಮೊಸರಿನಲ್ಲಿ ಹೇಳಿಕೊಟ್ಟರು. "ಶೀನಣ್ಣ, ಪಾತ್ರೆಯಲ್ಲಿ ಒಂದು ಚಮಚ ಮೊಸರು ಉಳಿದರೆ ಏನಾಗ್ತದೆ? ಹಾಲು ಹೊಯ್ದರೆ ಬೆಳಿಗ್ಗೆ ಪುನಃ ಪಾತ್ರೆ ತುಂಬ ಮೊಸರು. ಜ್ವರ ಬಿಟ್ಟ ಕೂಡಲೇ ಮಾತ್ರೆ ನಿಲ್ಲಿಸಿದರೂ ಹಾಗೆಯೇ. ಉಳಿಯುವುದು ಮಾತ್ರೆಗೆ ಹೆದರದ ಗಟ್ಟಿ ಕ್ರಿಮಿಗಳೇ."

ನನಗೆ ಅರ್ಥವಾಗಿತ್ತು. ತಿಳಿಯದೆ ಮಾಡಿದೆ ಎಂದು ಈಗ ಎಪ್ಪತ್ತು ದಾಟಿದ ಮೇಲೂ ಹೇಳುವ ಹಾಗಿಲ್ಲ.

ಕೊಪ್ಪಳ ಕಡೆಯ ವೆಲ್ಡರ್ ದೇವಪ್ಪನಿಗೆ ನ್ಯುಮೋನಿಯಾ ಆಯಿತು. ಏಳು ದಿನದ ಮಾತ್ರೆ. ಮೂರನೇ ದಿನಕ್ಕೆ ಜ್ವರ ಇಳಿಯಿತು. "ಖಲಾಸ್ ಆತ್ರೀ ಅಣ್ಣಾ, ಇನ್ಯಾಕ ಗುಳಿಗಿ?" ಎಂದ. ನಾನು ಒತ್ತಾಯಿಸಲಿಲ್ಲ. ಸ್ವಲ್ಪ ದಿನದಲ್ಲೇ ನನಗೆ ಊರಿಗೆ ರಜೆ. ಗಲ್ಫಿನ ಮಾತ್ರೆಯೆಂದರೆ ಊರಿನವರಿಗೆ ಅತ್ತರಿನಷ್ಟೇ ಆಸೆ. ಶೀತವಾದರೂ ಎರಡೆರಡು ಕೇಳಿ ಪಡೆಯುತ್ತಿದ್ದರು. ದೇವಪ್ಪನ ಉಳಿದ ಮಾತ್ರೆಗಳನ್ನು ನನ್ನ ಪೆಟ್ಟಿಗೆಗೆ ಹಾಕಿಕೊಂಡೆ. ಹಾಳೆಯಲ್ಲಿ ಏಳೂ ದಿನಕ್ಕೆ ಗುರುತು ಹಾಕಿದೆ.

ನಾನು ಹೊರಡುವ ಮೊದಲೇ ದೇವಪ್ಪನ ಜ್ವರ ಮರಳಿತು. ಉಸಿರು ಸಿಗದೆ ಆಸ್ಪತ್ರೆ ಸೇರಿದ. ಪೂರಾ ಔಷಧಿ ತೆಗೆದುಕೊಂಡವನು ಇಷ್ಟು ಕೆಡುವವರೆಗೆ ಏನು ನೋಡುತ್ತಿದ್ದಿರಿ ಎಂದು ಮ್ಯಾನೇಜರು ಹಾಳೆ ಹಿಡಿದು ಸಿಸ್ಟರನ್ನು ಕೇಳಿದರು. ಸಿಸ್ಟರ್ ನನ್ನ ಕಡೆ ತಿರುಗಿದರು.

"ಏಳೂ ದಿನ ಕೊಟ್ಟಿದ್ದೀರಲ್ಲ, ಶೀನಣ್ಣ?"

"ಕೊಟ್ಟಿದ್ದೇನೆ" ಎಂದೆ.

ಕೆಲಸ ಹೋದೀತೆಂಬ ಭಯ ನನಗೆ. ಹೋದದ್ದು ಅವರ ಕೆಲಸ.

ಸಿಸ್ಟರ್ ಕೊನೆಯ ಸಲ ಕ್ಯಾಂಪಿಗೆ ಬಂದಾಗ ದೇವಪ್ಪ ಆಸ್ಪತ್ರೆಯಿಂದ ಮರಳಿ ಕೋಣೆಯಲ್ಲಿ ಮಲಗಿದ್ದ. ಅವನ ಹೊಸ ಮಾತ್ರೆಗಳನ್ನು ಸಿಸ್ಟರ್ ನನ್ನ ಕೈಗೇ ಇಟ್ಟರು. "ಇದು ಬೇರೆ, ಜೋರಿನದ್ದು. ಇನ್ನು ಹತ್ತು ದಿನ ಉಂಟು. ಎದುರು ನಿಂತು ನುಂಗಿಸಿ." ಹಾಳೆಯನ್ನೂ ಕೊಟ್ಟು, "ಗುರುತು ಆಮೇಲೆ ಹಾಕಿ" ಎಂದರು. ಅವರಿಗೆ ಗೊತ್ತಾಗಿತ್ತು. ಅದಕ್ಕಿಂತ ಹೆಚ್ಚು ಬೈಯಲಿಲ್ಲ.

ರಜೆ ಮುಂದೂಡಿ ಹತ್ತೂ ದಿನ ಎದುರು ನಿಂತೆ. ದೇವಪ್ಪ ಬದುಕಿಕೊಂಡ. ಅವನ ಕೋಣೆಯಿಂದ ಮ್ಯಾನೇಜರ ಆಫೀಸು ಇಪ್ಪತ್ತು ಹೆಜ್ಜೆ. ಆ ಹತ್ತು ದಿನಗಳಲ್ಲಿ ಒಂದು ದಿನವೂ ನಾನು ಅಲ್ಲಿಗೆ ಹೋಗಿ ನಿಜ ಹೇಳಲಿಲ್ಲ. ಹನ್ನೊಂದನೇ ದಿನ ಸಿಸ್ಟರನ್ನು ಊರಿಗೆ ಕಳಿಸಿದರು.