ಹೆಗಲಿನಿಂದ ಕೆಳಗಿನ ಸುಣ್ಣ

ಬಿಸ್ಕತ್ತು ಕಾರ್ಖಾನೆಯಲ್ಲಿ ಹಿಟ್ಟು ಕಲಸುವ ಕೋಣೆಗೆ ವರ್ಷ ವರ್ಷವೂ ಸುಣ್ಣ ಬಳಿಯುತ್ತಿದ್ದವರು ಸುಣ್ಣದಣ್ಣ ಮತ್ತು ಅವನ ಹೆಂಡತಿ. ಹೆಗಲಿನಿಂದ ಮೇಲೆ ಅವನ ಪಾಲು, ಏಣಿ ಹತ್ತಿ. ಹೆಗಲಿನಿಂದ ಕೆಳಗೆ ಅವಳ ಪಾಲು. ಅವನ ಕೈ ಬಿರುಸು, ಬಾಯಿ ಅದಕ್ಕಿಂತ ಬಿರುಸು.

"ಗೋಡೆಗಿಂತ ನನ್ನ ತಲೆಗೇ ಜಾಸ್ತಿ ಬಳೀತೀರಿ. ವಯಸ್ಸಿಗೆ ಮುಂಚೆ ಮುದುಕಿ ಆದೆ" ಎಂದು ಅವಳು ಕೆಳಗಿನಿಂದ ಗೊಣಗುತ್ತಿದ್ದಳು.

"ಮೇಲೆ ನೋಡ್ಬೇಡ, ಕಣ್ಣಿಗೆ ಬಿದ್ದೀತು" ಎಂದು ಇವನು ಗದರುತ್ತಿದ್ದ.

ಪಾಪ, ಮುದುಕಿಯಾಗುವಷ್ಟು ದಿನ ಅವಳು ಇರಲಿಲ್ಲ. ಜ್ವರವೆಂದು ಮಲಗಿದವಳು ಏಳಲೇ ಇಲ್ಲ.

ಅದೇ ವರ್ಷ ಕಾರ್ಖಾನೆಯವರು ಸುಣ್ಣ ಸಾಕೆಂದರು. ತಪ್ಪೇನು? ತಿನ್ನುವ ಪದಾರ್ಥಕ್ಕೆ ಸುಣ್ಣದ ಚಕ್ಕೆ ಬಿದ್ದರೆ ಯಾರು ಸುಮ್ಮನಿರುತ್ತಾರೆ? ಇನ್ನು ಗೋಡೆಗೆಲ್ಲ ಪ್ಲಾಸ್ಟಿಕ್ ಹಾಳೆ. ಬಿಸಿನೀರು ಹೊಡೆದು ಒರೆಸಿದರೆ ಕನ್ನಡಿಯಂತಾಗುತ್ತದೆ, ಗಾಡಿ ಗುದ್ದಿದರೂ ಜಗ್ಗುವುದಿಲ್ಲ. ಅದನ್ನು ಅಂಟಿಸುವ ಗುತ್ತಿಗೆ ಸಿಕ್ಕಿದ್ದು ಹೆಂಡತಿಯ ತಮ್ಮನಿಗೇ. ಮಂಕು ಬಡಿದವನಂತೆ ಮನೆಯಲ್ಲಿ ಕೂತಿದ್ದ ಭಾವನನ್ನು ಅವನೇ ಕೆಲಸಕ್ಕೆ ಕರೆತಂದ.

"ಗಾರೆ ಕಾಣೋವರೆಗೂ ಕೆರೀಬೇಕು ಭಾವ. ಸುಣ್ಣದ ಮೇಲೆ ಅಂಟಿಸಿದ್ರೆ ನಿಲ್ಲಲ್ಲ."

"ನನಗೇ ಸುಣ್ಣದ ಪಾಠ ಹೇಳ್ತೀಯೇನೋ?"

"ತಪ್ಪಾಯ್ತು. ದೊಡ್ಡವರು ನೀವು."

ತನ್ನ ಪಾಲನ್ನು ಸುಣ್ಣದಣ್ಣ ಸಲೀಸಾಗಿ ಕೆರೆದು ಹಾಕಿದ. ಹೆಗಲಿನೆತ್ತರಕ್ಕೆ ಇಳಿದಾಗ ಕೈ ನಿಂತಿತು. ಅವನ ಕುಂಚದ ಗೆರೆಗಳು ಮೇಲಿಂದ ಕೆಳಕ್ಕೆ ಎಳೆದಂಥವು. ಅವಳವು ಅಡ್ಡ, ಕೂತಲ್ಲೇ ಸರಿಯುತ್ತ ಬಳಿದವಳು. ಆ ಗೆರೆಗಳ ಮೇಲೆ ಉಳಿ ಇಡಲು ಅವನಿಂದ ಆಗಲಿಲ್ಲ. ಹಾಳೆಯ ಹಿಂದೆ ಹಾಗೇ ಇದ್ದರೆ ನೀರು ಸೋಕದು, ಪೆಟ್ಟು ಬೀಳದು, ಯಾರಿಗೇನು ನಷ್ಟ ಎಂದುಕೊಂಡ.

"ಕೆಳಗಡೆ ಆಯ್ತಾ ಭಾವ?"

"ಆಯ್ತು."

ಧೂಳಿಗೆ ಇಡೀ ಕೋಣೆ ಬೆಳ್ಳಗಾಗಿತ್ತು. ಭಾವನ ಮಾತೆಂದ ಮೇಲೆ ಮುಗಿಯಿತು, ಅವನು ಮುಟ್ಟಿಯೂ ನೋಡಲಿಲ್ಲ.

ಹಾಳೆ ಕೂತಿತು. ಮೊದಲ ಸಲ ಬಿಸಿನೀರು ಹೊಡೆದು ತೊಳೆದಾಗಲೇ ಕೆಳಭಾಗ ಹೊಟ್ಟೆಯಂತೆ ಉಬ್ಬಿತು. ಮೇಲ್ವಿಚಾರಕ ಹತ್ತು ಜನರ ಮುಂದೆ ಗುತ್ತಿಗೆಯವನ ಮಾನ ತೆಗೆದ. ಅವನು ಹಾಳೆಯ ತುದಿ ಹಿಡಿದು ಎಳೆದ. ಹಾಳೆಯ ಬೆನ್ನಿಗೆ ಅಂಟಿಕೊಂಡು ಅಷ್ಟೂ ವರ್ಷಗಳ ಸುಣ್ಣ ಒಟ್ಟಿಗೆ ಕಿತ್ತುಬಂತು. ಗೋಡೆಯಲ್ಲಿ ಬರೀ ಗಾರೆ.

"ಕೆರೆದೆ ಅಂದ್ರಲ್ಲ ಭಾವ."

"ಅದು ನಿಮ್ಮಕ್ಕನ ಪಾಲು ಕಣೋ."

ತಮ್ಮ ಹಾಳೆಯನ್ನು ನೆಲಕ್ಕಿಟ್ಟ. "ನನಗೊಂದು ಮಾತು ಹೇಳಬಾರ್ದಿತ್ತಾ? ಅವಳು ನನಗೇನೂ ಅಲ್ವಾ?" ಎಂದ.

ಸುಣ್ಣದಣ್ಣ ಹೋಗಿ ಉಳಿ ತಂದ.

ಹಾಳೆಗಳು ಮತ್ತೆ ಅಂಟಬೇಕಾದರೆ ಬೆನ್ನು ಶುದ್ಧವಾಗಬೇಕು. ಮಗುಚಿ ಹಾಕಿ ಇಬ್ಬರೂ ಎದುರುಬದುರು ಕೂತು ಕೆರೆದರು. ಸಂಜೆಗೆ ಚೀಲ ತುಂಬ ಬಿಳಿ ಪುಡಿ. ಕಸದ ಗಾಡಿ ಬಂದು ನಿಂತಾಗ ಯಾರು ಎತ್ತುವುದೆಂದು ಮುಖ ಮುಖ ನೋಡಿಕೊಂಡರು.

ಕೊನೆಗೆ ತಮ್ಮನೇ ಎತ್ತಿದ.