ಗಿರಣಿ ಅಕ್ಕನ ಕಿವಿ

ಅಂಬೇವಾಡಿಯ ನಮ್ಮ ಓಣಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ ಅಕ್ಕ ಆಗಾಗ ಹೇಳುತ್ತಿದ್ದಳು, "ಸಪ್ಪಳ ಕೇಳ್ತೈತ್ರಿ, ಮಾತು ತಿಳಿಯಂಗಿಲ್ಲ." ಪರೀಕ್ಷೆಯಲ್ಲಿ ಕಿವಿ ಸರಿಯಿದೆ ಎಂದು ಬಂದಿತ್ತು. ಅಂದಿನಿಂದ ಮನೆಯವರು ಅವಳದು ಸೋಗು ಎನ್ನುತ್ತಿದ್ದರು.

ಒಮ್ಮೆ ನಾನು ಪತ್ರಿಕೆಯ ಸುದ್ದಿಯೊಂದನ್ನು ಅವಳಿಗೆ ಕೊಟ್ಟೆ. ವರ್ಷಗಟ್ಟಲೆ ದೊಡ್ಡ ಸದ್ದಿನಲ್ಲಿ ದುಡಿದರೆ ಒಳಗಿವಿಯ ನರದ ಕೊಂಡಿಗಳು ಕಳಚಬಹುದು, ಆಗ ಪರೀಕ್ಷೆಯಲ್ಲಿ ಕಿವಿ ಸರಿಯೆಂದು ಬಂದರೂ, ಸದ್ದು ಕೇಳಿದರೂ ಮಾತು ತಿಳಿಯದು, ಆ ಕೊಂಡಿಗಳನ್ನು ಮತ್ತೆ ಬೆಳೆಸುವ ಪ್ರಯತ್ನ ಇಲಿಗಳಲ್ಲಿ ನಡೆದಿದೆ ಎಂದು ಅದರಲ್ಲಿತ್ತು.

ಅವಳು ಎರಡು ಸಲ ಓದಿದಳು.

"ಔಷಧ ನನ್ನ ಕಾಲಕ್ಕ ಬರಂಗಿಲ್ಲ, ಇರ್ಲಿ ಬಿಡ್ರಿ. ಮನೀಗೆ ಬಂದು ಇದನ್ನ ಎಲ್ಲಾರ ಮುಂದ ಒಮ್ಮೆ ಓದ್ರಿ."

ಸಂಜೆ ಹೋಗಿ ಓದಿದೆ. ಅವಳ ಗಂಡ ಎದ್ದು ಬಂದು ಅವಳೆದುರು ಕುಳಿತ. ಒಂದೊಂದೇ ಶಬ್ದ ಬಿಡಿಸಿ ಕೇಳಿದ:

"ಚಾ ಮಾಡ್ಲೇನು?"